ಪದವಿಯೂ ಅದರ ಫಲವೂ: ಕಲ್ಕತ್ತೆಯ ರಸಾಯನಶಾಸ್ತ್ರ ಶಿಕ್ಷಣ

ಒಂದು ಕಾಲೇಜಿನ ರಸಾಯನಶಾಸ್ತ್ರ ಶಿಕ್ಷಣದ ಯೋಗ್ಯತೆಯನ್ನು ಅಳೆಯಲು ಪರೀಕ್ಷೆಯಲ್ಲಿ ತೇರ್ಗಡೆಯಾದವರನ್ನು ಎಣಿಸುವುದು ವಾಡಿಕೆ. ವಿದ್ಯಾರ್ಥಿಯು ಪಾಠವನ್ನು ಒಪ್ಪಿಸಿದನೆಂಬುದಷ್ಟೇ ಇದರಿಂದ ತಿಳಿಯುತ್ತದೆ. ವಿದ್ಯೆಯು ಅವನಲ್ಲಿ ಬೇರೂರಿತೇ ಎಂಬುದು ಅವನ ಮುಂದಿನ ಬಾಳಿನಿಂದಲೇ ಗೊತ್ತಾಗಬೇಕು. ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜು ಇದಕ್ಕೆ ತಕ್ಕ ನಿದರ್ಶನ.

ಪ್ರಫುಲ್ಲಚಂದ್ರ ರಾಯರು ಅಲ್ಲಿ ಅಧ್ಯಾಪಕರಾಗಿ ಸೇರಿದುದು 1889ರಲ್ಲಿ. 1896ರಲ್ಲಿ ಅವರು ಪಾದರಸದ ನೈಟ್ರೈಟನ್ನು ಕುರಿತ ಸಂಶೋಧನೆಯನ್ನು ಪ್ರಕಟಿಸಿದರು. ತಿಳಿದುದನ್ನು ತೋರಿಸುವುದಕ್ಕೆ ಮಾತ್ರವಿದ್ದ ಪ್ರಯೋಗಶಾಲೆಯು ಕ್ರಮೇಣ ತಿಳಿಯದುದನ್ನು ಅರಸುವ ಸ್ಥಳವಾಯಿತು. ಶಿಷ್ಯರು ಗುರುವಿನ ಸಹೋದ್ಯೋಗಿಗಳಾದರು.

ಇದರ ಫಲವು ದೂರದೂರ ಹಬ್ಬಿತು. ನೀಲರತನ ಧರ್ ಅವರು 1919ರಲ್ಲಿ ಅಲಹಾಬಾದಿಗೆ ಹೋಗಿ ಅಲ್ಲಿ ಶಿಷ್ಯಪರಂಪರೆಯೊಂದನ್ನು ಬೆಳಸಿದರು. ಜ್ಞಾನೇಂದ್ರನಾಥ ಮುಖರ್ಜಿಯವರು ಈ ಶಾಸ್ತ್ರವನ್ನು ಮಣ್ಣಿನ ಅಧ್ಯಯನಕ್ಕೆ ಅನ್ವಯಿಸಿದರು. ಜ್ಞಾನಚಂದ್ರ ಘೋಷರು 1939ರಿಂದ 1948ರ ವರೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ನಿರ್ದೇಶಕರಾಗಿದ್ದರು. 1924ರಲ್ಲಿ ಭಾರತೀಯ ರಸಾಯನ ಸಂಘವು ಸ್ಥಾಪಿತವಾದಾಗ ರಾಯರೇ ಅದರ ಮೊದಲನೆಯ ಅಧ್ಯಕ್ಷರು.

ಆದರೆ ಮೂವರು ಶ್ರೇಷ್ಠರಿಂದ ಇಡೀ ತರಗತಿಯನ್ನು ಅಳೆಯುವುದು ನ್ಯಾಯವಲ್ಲ. ಪದವಿ ಪಡೆದು ಗುಮಾಸ್ತಗಿರಿಯನ್ನು ಅರಸುತ್ತಿದ್ದ ತರುಣರನ್ನು ಕಂಡು ರಾಯರು ಮರುಗುತ್ತಿದ್ದರು. ತಾವು ಸಣ್ಣದಾಗಿ ಆರಂಭಿಸಿದ ಔಷಧಿಗಳ ತಯಾರಿಕೆಯನ್ನು 1901ರಲ್ಲಿ ಬೆಂಗಾಲ್ ಕೆಮಿಕಲ್ ಎಂಬ ಕಂಪೆನಿಯಾಗಿ ರೂಪಿಸಿ, ವಿದ್ಯಾವಂತರಿಗೆ ಬೇರೊಂದು ಜೀವನಮಾರ್ಗವನ್ನೂ ತೋರಿಸಿದರು.

ಆದುದರಿಂದ ರಸಾಯನಪದವಿಯನ್ನು ಪರೀಕ್ಷಿಸುವವರು ಸಂಶೋಧಕರನ್ನು ಮಾತ್ರವಲ್ಲದೆ ಶಾಲೆಯ ಉಪಾಧ್ಯಾಯರನ್ನೂ, ಕಾರ್ಖಾನೆಯ ಕೆಲಸಗಾರರನ್ನೂ, ಈ ವಿದ್ಯೆಯನ್ನೇ ತೊರೆದವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕೊನೆಯವರನ್ನು ಬಿಟ್ಟು ಮಾಡಿದ ಎಣಿಕೆಯು ಕಾಲೇಜಿಗೆ ಕೀರ್ತಿಯನ್ನು ತಂದೀತು, ಸತ್ಯವನ್ನು ತಿಳಿಸಲಾರದು.