ನೀರು ಇಳಿದ ಮೇಲೆ: ಮನೆ ಮೊದಲು ಒಣಗಲಿ, ಆಮೇಲೆ ಸಾರಣೆ

2019ರ ಆಗಸ್ಟ್ ತಿಂಗಳನ್ನು ಧಾರವಾಡ ಜಿಲ್ಲೆಯ ಹಳ್ಳಿಗಳು ಇನ್ನೂ ಮರೆತಿಲ್ಲ. ಶ್ರಾವಣ ಮಾಸ, ಪಂಚಮಿಯ ಉಂಡಿ ಕಟ್ಟುವ ದಿನಗಳು. ಶಿಗ್ಗಾವಿ ತಾಲೂಕಿನ ದುಂಡಶಿಯ ಬಳಿ ಹುಟ್ಟಿ, ಕುಂದಗೋಳ, ಹುಬ್ಬಳ್ಳಿ, ನವಲಗುಂದ ತಾಲೂಕುಗಳನ್ನು ಹಾಯ್ದು ಮಲಪ್ರಭೆಯನ್ನು ಸೇರುವ ಬೆಣ್ಣೆಹಳ್ಳವೂ ಅದನ್ನು ಕೂಡಿಕೊಳ್ಳುವ ತುಪ್ಪರಿಹಳ್ಳವೂ ದಡ ಮೀರಿ ಹರಿದವು. ಹೆಸರು ಕಾಳು, ಉಳ್ಳಾಗಡ್ಡಿ, ಹತ್ತಿಯ ಹೊಲಗಳೊಂದಿಗೆ ಎಷ್ಟೋ ಮನೆಗಳು ನೀರು ಕುಡಿದು ನಿಂತವು.

ನೀರು ಇಳಿದೊಡನೆ ಪ್ರತಿ ಮನೆಯಲ್ಲಿಯೂ ಕಾಣುವ ದೃಶ್ಯವೊಂದಿದೆ. ಕೆಸರು ಬಳಿದು ಹಾಕಿ, ಬಿದ್ದ ಗಿಲಾವಿಗೆ ಹೊಸ ಮಣ್ಣು ಮೆತ್ತಿ, ನೆಲ ಸಾರಿಸಿ, ಸುಣ್ಣ ಹಚ್ಚುವ ಆತುರ. ಹಬ್ಬದ ಕಾಲದಲ್ಲಿ ಮನೆ ಹಾಳುಬಿದ್ದಂತೆ ಕಾಣಬಾರದೆಂಬ ಈ ಭಾವನೆ ಸಹಜವಾದುದೇ. ಆದರೆ ಆರೋಗ್ಯದ ದೃಷ್ಟಿಯಿಂದ ಇದು ತಪ್ಪು ಕ್ರಮ. ಒಳಗೆ ಹಸಿಯಾಗಿಯೇ ಉಳಿದ ಗೋಡೆಯನ್ನು ಮೇಲಿನಿಂದ ಮುಚ್ಚಿದರೆ ತೇವ ಹೋಗುವುದಿಲ್ಲ. ರೋಗಕ್ಕೆ ಮನೆಯೊಳಗೆ ಜಾಗ ಮಾಡಿಕೊಟ್ಟಂತಾಗುತ್ತದೆ.

ಮೊದಲನೆಯ ಪ್ರಶ್ನೆ ಒಳಗೆ ಹೋಗಬಹುದೇ ಎಂಬುದು. ನಮ್ಮ ಕಡೆಯ ಹಳೆಯ ಮನೆಗಳ ಗೋಡೆ ಮಣ್ಣಿನದು, ಮಾಳಿಗೆಯ ಮೇಲೂ ಮಣ್ಣಿನ ಭಾರ. ನೀರುಂಡ ಮಣ್ಣಿನ ಗೋಡೆ ತನ್ನ ಕಸುವನ್ನು ಕಳೆದುಕೊಳ್ಳುತ್ತದೆ. ಅದರಡಿಯ ಎರೆಮಣ್ಣು ನೀರಿಗೆ ಉಬ್ಬಿ, ಬಿಸಿಲಿಗೆ ಕುಗ್ಗಿ ಬಿರಿಯುತ್ತದೆ. ಆದ್ದರಿಂದಲೇ ಮಳೆಯಲ್ಲಿ ನಿಂತಿದ್ದ ಗೋಡೆ, ಬಿಸಿಲು ಬಿದ್ದ ಕೆಲವು ದಿನಗಳ ಮೇಲೆ, ಗಂಡಾಂತರ ಕಳೆಯಿತೆಂದು ಎಲ್ಲರೂ ಮಲಗಿರುವಾಗ ಕುಸಿಯುವುದುಂಟು. ಗೋಡೆಯ ಬುಡ ಉಬ್ಬಿದ್ದರೆ, ಮೂಲೆಗಳು ಸೀಳಿದ್ದರೆ, ಮೊದಲು ಸಲೀಸಾಗಿ ಹಾಕುತ್ತಿದ್ದ ಬಾಗಿಲು ಈಗ ಬಿಗಿಹಿಡಿದರೆ, ಜಂತಿಗಳ ನಡುವಿನಿಂದ ಮಣ್ಣು ಉದುರುತ್ತಿದ್ದರೆ ಆ ಮನೆಯಲ್ಲಿ ಮಲಗಬಾರದು, ದನಗಳನ್ನೂ ಕಟ್ಟಬಾರದು. ಶಾಲೆಯಲ್ಲಿಯೋ ಸಮುದಾಯ ಭವನದಲ್ಲಿಯೋ ಇನ್ನೂ ಕೆಲವು ರಾತ್ರಿ ಕಳೆಯುವುದು ಅವಮಾನವಲ್ಲ.

ನವಲಗುಂದ, ಅಣ್ಣಿಗೇರಿಗಳಂತಹ ಹಳೆಯ ಊರುಗಳಲ್ಲಿ ನೆಲವನ್ನೂ ನಂಬುವಂತಿಲ್ಲ. ಹಿರಿಯರು ಜೋಳ ತುಂಬಿಡುತ್ತಿದ್ದ ಹಗೇವುಗಳು ಮನೆಗಳ ಕೆಳಗೆ, ಓಣಿಗಳ ಕೆಳಗೆ ಮರೆತುಹೋಗಿವೆ. ನೀರು ಇಳಿದಾಗ ಅವುಗಳ ಬಾಯಿ ಕುಸಿಯುತ್ತದೆ. ನೆಲ ತಗ್ಗಿದ ಕಡೆ ಕಾಲಿಡದೆ ಪಂಚಾಯಿತಿಗೋ ಪುರಸಭೆಗೋ ತಿಳಿಸಬೇಕು. ತೊಯ್ದ ಕಾಳು ಕೊಳೆತ ಹಗೇವಿನಲ್ಲಿ ಉಸಿರಾಡುವ ಗಾಳಿಯೇ ಇರುವುದಿಲ್ಲ. ಕಾಳು ಉಳಿಸಿಕೊಳ್ಳಲೆಂದು ಯಾರೂ ಅದರೊಳಗೆ ಇಳಿಯಕೂಡದು. ಕಲಘಟಗಿಯ ಕಡೆ ಹಂಚಿನ ಮನೆಗಳು ಹೆಚ್ಚು. ಅಲ್ಲಿ ನೀರು ಬರುವುದು ಮೇಲಿನಿಂದ. ಸರಿದ ಹಂಚನ್ನು ಸರಿಪಡಿಸದೆ ಕೆಳಗೆ ಗೋಡೆ ಒಣಗಿಸುವುದು ವ್ಯರ್ಥ ಶ್ರಮ.

ಗೋಡೆ ಗಟ್ಟಿಯಿದ್ದರೂ ವಿದ್ಯುತ್ತಿನ ಮುಖ್ಯ ಗುಂಡಿಯನ್ನು ಆರಿಸದೆ ಒಳಗೆ ಹೋಗಬಾರದು. ನೀರಿನಲ್ಲಿ ನಿಂತು ಗುಂಡಿಯನ್ನು ಮುಟ್ಟಲೂ ಬಾರದು. ಹೆಸ್ಕಾಂ ಸಹಾಯವಾಣಿ 1912ಕ್ಕೆ ಕರೆ ಮಾಡಬೇಕು. ಸಾಮಾನುಗಳ ಸಂದಿಯಲ್ಲಿ ಹಾವು, ಚೇಳು ಸೇರಿರುತ್ತವೆ. ಕೈ ಹಾಕುವ ಮೊದಲು ಕೋಲಿನಿಂದ ಸರಿಸಿ ನೋಡಬೇಕು. ಹಾವು ಕಚ್ಚಿದರೆ ಕೊಯ್ಯುವುದು, ಬಿಗಿದು ಕಟ್ಟುವುದು ಬೇಡ. 108ಕ್ಕೆ ಕರೆ ಮಾಡಿ ಆಸ್ಪತ್ರೆ ಸೇರಿಸಬೇಕು. ತೊಳೆಯುವ ಮೊದಲು ಹಾನಿಯ ಚಿತ್ರಗಳನ್ನು ಮೊಬೈಲಿನಲ್ಲಿ ತೆಗೆದಿಟ್ಟುಕೊಂಡರೆ ಪರಿಹಾರದ ಸಮೀಕ್ಷೆಗೆ ಬಂದವರಿಗೆ ತೋರಿಸಲು ಆಧಾರವಿರುತ್ತದೆ.

ಕೆಸರನ್ನು ಹಸಿಯಿರುವಾಗಲೇ ಹೊರಹಾಕಬೇಕು. ಆ ಕೆಸರು ಹೊಲದ ಮಣ್ಣು ಮಾತ್ರವಲ್ಲ. ಗಟಾರ, ಶೌಚಗುಂಡಿ, ತಿಪ್ಪೆ, ಸತ್ತ ಪ್ರಾಣಿ ಎಲ್ಲವನ್ನೂ ಕಲಸಿಕೊಂಡು ಬಂದಿರುತ್ತದೆ. ಇಲಿಗಳ ಮೂತ್ರದಿಂದ ಹರಡುವ ಇಲಿಜ್ವರ ಕಾಲಿನ ಸಣ್ಣ ಗಾಯದ ಮೂಲಕವೂ ದೇಹವನ್ನು ಸೇರಬಲ್ಲದು. ಮೊಣಕಾಲೆತ್ತರದ ರಬ್ಬರ್ ಬೂಟು, ಕೈಗವಸು ಧರಿಸಬೇಕು. ಮುಂದಿನ ನಾಲ್ಕು ವಾರಗಳೊಳಗೆ ಜ್ವರ, ಮೀನಖಂಡಗಳ ತೀವ್ರ ನೋವು, ಕಣ್ಣು ಕೆಂಪಾಗುವುದು ಕಂಡರೆ ವೈದ್ಯರಿಗೆ ‘ನೆರೆಯ ಕೆಸರಿನಲ್ಲಿ ಕೆಲಸ ಮಾಡಿದ್ದೆ’ ಎಂದು ತಪ್ಪದೆ ಹೇಳಬೇಕು. ಈ ಒಂದು ಮಾತು ಚಿಕಿತ್ಸೆಯ ದಾರಿಯನ್ನೇ ಬದಲಿಸುತ್ತದೆ. ಗಾಯವಾದವರು ಧನುರ್ವಾಯುವಿನ ಚುಚ್ಚುಮದ್ದಿನ ಬಗ್ಗೆ ಕೇಳಿ ತಿಳಿಯಬೇಕು.

ಕಲ್ಲಿನ, ಸಿಮೆಂಟಿನ ನೆಲವನ್ನು ಮೊದಲು ಸಾಬೂನು ನೀರಿನಿಂದ ತಿಕ್ಕಿ ತೊಳೆದು, ಬಳಿಕ 1 ಲೀಟರ್ ನೀರಿಗೆ ಸುಮಾರು 30 ಗ್ರಾಂ ಬ್ಲೀಚಿಂಗ್ ಪೌಡರ್ ಕಲಸಿದ ತಿಳಿಯಿಂದ ಒರೆಸಬೇಕು. ಮಣ್ಣು ಉಳಿದ ಕಡೆ ಈ ಪುಡಿಯ ಶಕ್ತಿ ಮಣ್ಣಿನಲ್ಲಿಯೇ ಕರಗಿಹೋಗುತ್ತದೆ. ಆದ್ದರಿಂದ ಮಣ್ಣಿನ ಗೋಡೆಗೆ ಅದನ್ನು ಎರಚಿ ಪ್ರಯೋಜನವಿಲ್ಲ. ಅಲ್ಲಿ ನೆನೆದು ಸಡಿಲಾದ ಪದರವನ್ನೇ ಕೆರೆದು ತೆಗೆಯಬೇಕು. ಬ್ಲೀಚಿಂಗ್ ಪೌಡರನ್ನು ಶೌಚಾಲಯ ತೊಳೆಯುವ ಆಸಿಡ್ಡಿನೊಡನೆ ಎಂದೂ ಬೆರೆಸಬಾರದು. ಹೊರಡುವ ವಿಷಾನಿಲ ಶ್ವಾಸಕೋಶವನ್ನು ಸುಡುತ್ತದೆ.

ಇನ್ನು ಒಣಗಿಸುವ ಕೆಲಸ. ತೊಯ್ದ ವಸ್ತುವಿನ ಮೇಲೆ ಒಂದೆರಡು ದಿನಗಳಲ್ಲಿಯೇ ಬೂಷ್ಟು ಹುಟ್ಟುತ್ತದೆ. ಅದರ ಕಣಗಳು ಉಬ್ಬಸವಿದ್ದವರಿಗೆ, ಕೂಸುಗಳಿಗೆ, ವೃದ್ಧರಿಗೆ ಬಹಳ ಬಾಧಕ. ಗಾದಿ, ಕೌದಿ, ದಿಂಬುಗಳನ್ನು ಹೊರಹಾಕಬೇಕು. ಕೌದಿಯನ್ನು ಕುದಿಯುವ ನೀರಿನಲ್ಲಿ ಒಗೆದು ಉಳಿಸಿಕೊಳ್ಳಬಹುದು, ನೆನೆದ ಹತ್ತಿಯ ಗಾದಿಯನ್ನು ಉಳಿಸಲಾಗದು. ಗೋಡೆಗೆ ಒರಗಿಸಿದ ಚೀಲ, ಕಪಾಟುಗಳನ್ನು ಒಂದು ಮೊಳ ಈಚೆಗೆ ಸರಿಸಿ, ಬೆಳಕಿಂಡಿಯನ್ನೂ ಎದುರುಬದುರಿನ ಬಾಗಿಲು, ಕಿಟಕಿಗಳನ್ನೂ ಹಗಲೆಲ್ಲ ತೆರೆದಿಡಬೇಕು. ಜಗಲಿಯ ಗೂಡು, ಗೋದಲಿಯ ಹಿಂಬದಿ ತಡವಾಗಿ ಒಣಗುವ ಜಾಗಗಳು, ಅವನ್ನು ಮರೆಯಬಾರದು. ಬೇಗ ಒಣಗಲೆಂದು ಮುಚ್ಚಿದ ಕೋಣೆಯಲ್ಲಿ ಕೆಂಡದ ಒಲೆ ಇಟ್ಟು ಮಲಗುವುದು ಪ್ರಾಣಕ್ಕೆ ಎರವು. ಕೆಂಡದಿಂದ ಹೊರಡುವ ವಿಷಾನಿಲಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ.

ಮನೆ ಒಣಗಿತೋ ಇಲ್ಲವೋ ಎಂಬುದನ್ನು ತಿಳಿಯಲು ಸುಲಭದ ಪರೀಕ್ಷೆಯೊಂದಿದೆ. ರಾತ್ರಿ ಒಂದು ಮೊಳ ಅಗಲದ ಪ್ಲಾಸ್ಟಿಕ್ ಹಾಳೆಯನ್ನು ನೆಲದ ಮೇಲೆ ಹಾಸಿ ನಾಲ್ಕೂ ಅಂಚಿಗೆ ಭಾರವಿಡಿ. ಬೆಳಗ್ಗೆ ಹಾಳೆಯ ಒಳಮೈಯಲ್ಲಿ ನೀರಹನಿ ಕಂಡರೆ ತೇವ ಇನ್ನೂ ಇದೆ. ಹನಿ ಕಾಣದ ದಿನ ಸಾರಣೆಯೂ ಸುಣ್ಣವೂ ಆಗಲಿ. ಸುಣ್ಣ ಗೋಡೆಯನ್ನು ಉಸಿರಾಡಲು ಬಿಡುತ್ತದೆ, ಬೂಷ್ಟನ್ನೂ ತಡೆಯುತ್ತದೆ. ಗಟ್ಟಿಯಾಗಲೆಂದು ಮಣ್ಣಿನ ಗೋಡೆಗೆ ಸಿಮೆಂಟು ಬಳಿದರೆ ಒಳಗಿನ ನೀರು ಹೊರಬರಲಾರದೆ ಗೋಡೆಯನ್ನು ಒಳಗಿನಿಂದಲೇ ಸಡಿಲಿಸುತ್ತದೆ.

ಕಡೆಯದು, ಮತ್ತು ರೈತಾಪಿ ಮನಸ್ಸಿಗೆ ಅತಿ ಕಠಿಣವಾದುದು, ಕಾಳುಕಡಿಯ ಮಾತು. ನೆರೆಯ ನೀರು ತಾಗಿದ ಹಿಟ್ಟು, ಬೇಳೆ, ಕಾಳುಗಳನ್ನು ಬಿಸಿಲಿಗೆ ಹರವಿ ಉಣ್ಣುವುದು ತರವಲ್ಲ. ಬೂಷ್ಟು ಹಿಡಿದ ಶೇಂಗಾ, ಗೋವಿನಜೋಳಗಳಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಅದು ಯಕೃತ್ತಿಗೆ ಮಾರಕ. ಅಡುಗೆಯ ಕಾವಿಗೆ ನಾಶವಾಗುವಂಥದಲ್ಲ. ‘ನಮಗಲ್ಲದಿದ್ದರೆ ದನಕ್ಕಾದರೂ ಆಗಲಿ’ ಎಂದು ಹಾಕಿದರೆ ಹಾಲಿನ ಮೂಲಕ ಅದರ ಅಂಶ ಮಕ್ಕಳ ಬಟ್ಟಲಿಗೇ ಮರಳುತ್ತದೆ. ಕುಡಿಯುವ ನೀರು ಕೆರೆಯದಿರಲಿ, ನಳದ್ದಿರಲಿ, ಸೋಸಿ, ಚೆನ್ನಾಗಿ ಕುದಿಸಿ ಆರಿಸಿಯೇ ಕುಡಿಯಬೇಕು.

ಇಷ್ಟೆಲ್ಲವನ್ನೂ ಒಂದೇ ಮನೆಯವರು ಮಾಡಲಾರರು. ಮಕ್ಕಳು ದೂರದೂರಿನಲ್ಲಿರುವ ವೃದ್ಧ ದಂಪತಿಗಳಿಗೆ ನೆನೆದ ಗಾದಿಯನ್ನು ಅಂಗಳಕ್ಕೆ ಎಳೆಯುವುದೂ ಆಗದ ಕೆಲಸ. ನೆರೆ ಬಂದಾಗ ರೊಟ್ಟಿಯ ಬುತ್ತಿ ಕಟ್ಟಿ ಕಳಿಸುವ ನಮ್ಮ ಊರುಗಳಿಗೆ ಕೊಡುವುದನ್ನು ಹೇಳಿಕೊಡಬೇಕಾಗಿಲ್ಲ. ರೊಟ್ಟಿಯೊಂದಿಗೆ ಒಂದು ಜೊತೆ ಬೂಟು, ಒಂದು ಸಲಿಕೆ, ಎರಡು ದಿನದ ತೋಳ್ಬಲವನ್ನೂ ಕಳಿಸೋಣ. ಸುಣ್ಣ ಒಂದು ವಾರ ತಡವಾದರೆ ಹಬ್ಬ ಕೆಡುವುದಿಲ್ಲ. ಹಸಿ ಗೋಡೆಯ ಮಗ್ಗುಲಲ್ಲಿ ಕೂಸನ್ನು ಮಲಗಿಸುವುದು ಮಾತ್ರ ಬೇಡ.