ಒಳ್ಳೆಯ ಬಾಡಿಗೆದಾರರ ಕರಾರು ಮುಗಿಯುತ್ತ ಬಂದಾಗ

ಮಂಜೇಶ್ವರ, ಕುಂಬಳೆ, ಕಾಸರಗೋಡು ಭಾಗದ ನಮ್ಮ ಸದಸ್ಯರಲ್ಲಿ ಮನೆ, ಕ್ವಾರ್ಟರ್ಸ್, ಅಂಗಡಿ ಕೋಣೆ ಬಾಡಿಗೆಗೆ ಕೊಟ್ಟವರು ಹಲವರಿದ್ದಾರೆ. ಕೆಲವರು ತಾವು ಮಂಗಳೂರಿನಲ್ಲೋ ಗಲ್ಫಿನಲ್ಲೋ ಇದ್ದು ಊರಿನ ಮನೆಯನ್ನು ಬಾಡಿಗೆಗೆ ಬಿಟ್ಟವರು. ಹನ್ನೊಂದು ತಿಂಗಳ ಕರಾರು ಮುಗಿಯುವಾಗ ಇವರದೆಲ್ಲ ಒಂದೇ ಪ್ರಶ್ನೆ: "ಜನ ಒಳ್ಳೆಯವರು, ಬಾಡಿಗೆಯೂ ಸರಿಯಾಗಿ ಬರುತ್ತದೆ. ಆದರೆ ಮುಂದುವರಿಸಿದರೆ ಆಮೇಲೆ ಏಳುತ್ತಾರೋ?"

ಈ ಹೆದರಿಕೆ ಸುಮ್ಮನೆ ಬಂದದ್ದಲ್ಲ. 1970ರ ಜನವರಿ 1ರಂದು ಕೇರಳದ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದು ಗೇಣಿ ಭೂಮಿ ಒಕ್ಕಲುಗಳ ಪಾಲಾಯಿತು. ಆ ನೆನಪು ನಮ್ಮ ಹಿರಿಯರಲ್ಲಿ ಇನ್ನೂ ಇದೆ. ಆದರೆ ಬರೇ ಕಟ್ಟಡದ ಬಾಡಿಗೆಯನ್ನು ಆ ಕಾಯಿದೆ ಹೊರಗಿಟ್ಟಿದೆ. ಬಾಡಿಗೆಗಿದ್ದವರು ಮನೆಯ ಒಡೆಯರಾಗುವುದಿಲ್ಲ.

ಮನೆ, ಅಂಗಡಿಗಳಿಗೆ ಇರುವುದು 1965ರ ಕೇರಳ ಕಟ್ಟಡ (ಲೀಸ್ ಮತ್ತು ಬಾಡಿಗೆ ನಿಯಂತ್ರಣ) ಕಾಯಿದೆ. ಸರಕಾರ ಅಧಿಸೂಚಿಸಿದ ಪ್ರದೇಶಗಳಲ್ಲಿ ಇದು ಅನ್ವಯ. ನಿಮ್ಮ ಪಂಚಾಯತು ಅದರಲ್ಲಿದೆಯೇ ಎಂದು ವಕೀಲರಲ್ಲಿ ಕೇಳಿಕೊಳ್ಳಿ. ಇದರ 11ನೇ ಸೆಕ್ಷನ್ ಪ್ರಕಾರ ಕರಾರಿನ ಅವಧಿ ಮುಗಿಯಿತು ಎಂಬ ಒಂದೇ ಕಾರಣಕ್ಕೆ ಎಬ್ಬಿಸಲಾಗದು. ಬಾಡಿಗೆ ಬಾಕಿ, ಮಾಲಕರಿಗೋ ಅವರನ್ನು ಅವಲಂಬಿಸಿದ ಮನೆಯವರಿಗೋ ನಿಜವಾದ ಅಗತ್ಯ, ಒಪ್ಪಿಗೆಯಿಲ್ಲದೆ ಒಳಬಾಡಿಗೆ ಕೊಟ್ಟದ್ದು ಮುಂತಾದ ಕಾರಣ ತೋರಿಸಬೇಕು. ಬಾಕಿಯಿದ್ದರೂ ಮೊದಲು ರಿಜಿಸ್ಟರ್ಡ್ ನೋಟಿಸ್ ಕಳಿಸಿ ಹದಿನೈದು ದಿನ ಕಾಯಬೇಕು.

ಹಾಗಾದರೆ ಹನ್ನೊಂದು ತಿಂಗಳಿಗೊಮ್ಮೆ ಜನ ಬದಲಿಸುವುದರಿಂದ ಲಾಭವೇನು? ಹೆಚ್ಚೇನೂ ಇಲ್ಲ. ಗುರುತಿಲ್ಲದ ಹೊಸಬರಿಗೂ ಮೊದಲ ದಿನದಿಂದಲೇ ಅದೇ ರಕ್ಷಣೆ. ಕಾನೂನು ಇಬ್ಬರಿಗೂ ಒಂದೇ ಆದಮೇಲೆ ಪರಿಚಿತರನ್ನು ಉಳಿಸಿಕೊಳ್ಳುವುದೇ ಕ್ಷೇಮ. ಹನ್ನೊಂದು ತಿಂಗಳ ರೂಢಿ ಬಂದದ್ದೂ ಬೇರೆ ಕಾರಣಕ್ಕೆ: ಒಂದು ವರ್ಷ ಮೀರಿದ ಲೀಸನ್ನು 1908ರ ನೋಂದಣಿ ಕಾಯಿದೆಯಂತೆ ನೋಂದಾಯಿಸಬೇಕು, ಅದನ್ನು ತಪ್ಪಿಸಲು.

ಲೆಕ್ಕವನ್ನೂ ಹಾಕಿ ನೋಡಿ. ಎಂಟು ಸಾವಿರದ ಮನೆ ಎರಡು ತಿಂಗಳು ಖಾಲಿ ಬಿದ್ದರೆ 16,000 ರೂಪಾಯಿ ಹೋಯಿತು. ತಿಂಗಳಿಗೆ ಐನೂರು ಹೆಚ್ಚಿಸಿದರೆ ವರ್ಷಕ್ಕೆ ಸಿಗುವುದು 6,000. ಬಣ್ಣ ಹೊಡೆಸುವ ಖರ್ಚು, ಮಳೆಗಾಲದಲ್ಲಿ ಮುಚ್ಚಿದ ಮನೆಗೆ ಹಿಡಿಯುವ ಬೂಷ್ಟು ಇದರ ಮೇಲಿನದ್ದು.

ಆದ್ದರಿಂದ ಅವಧಿ ಮುಗಿಯಲು ಎರಡು ತಿಂಗಳಿರುವಾಗಲೇ ಮಾತಾಡಿ. ಬಾಡಿಗೆ ಎಷ್ಟು ಹೆಚ್ಚಿಸುತ್ತೀರಿ, ಸೋರುವ ಮಾಡನ್ನು ಯಾವಾಗ ಸರಿಮಾಡಿಸುತ್ತೀರಿ ಎಂಬೆರಡನ್ನೂ ಒಟ್ಟಿಗೇ ಹೇಳಿ. ಮಗ ಊರಿಗೆ ಮರಳುವವನಿದ್ದರೆ ಅದನ್ನು ಮುಚ್ಚಿಡಬೇಡಿ. ಶಾಲೆಗೆ ಹೋಗುವ ಮಕ್ಕಳಿದ್ದರೆ ಅವಧಿ ಮೇ ತಿಂಗಳಿಗೆ ಮುಗಿಯುವಂತೆ ಇಟ್ಟರೆ ಅವರ ವರ್ಷ ಕೆಡುವುದಿಲ್ಲ. ಒಪ್ಪಿದ ಮೇಲೆ ಹೊಸ ಕಾಗದ ಮಾಡಿಸಲೇಬೇಕು. "ಹಾಗೆಯೇ ಇರಲಿ" ಎಂದು ಬಿಟ್ಟರೆ, ಮುಂಗಡ ಎಷ್ಟಿತ್ತು ಎಂಬಲ್ಲಿಂದಲೇ ಮಾತು ಬೆಳೆಯುತ್ತದೆ.

ಅಂಗಡಿ ಕೋಣೆಯಾದರೆ ಇನ್ನಷ್ಟು ಯೋಚಿಸಿ. ಅಲ್ಲಿಯ ವ್ಯಾಪಾರವೇ ಬಾಡಿಗೆದಾರರ ಮುಖ್ಯ ಜೀವನೋಪಾಯವಾಗಿದ್ದು ಹತ್ತಿರ ಬೇರೆ ತಕ್ಕ ಕಟ್ಟಡ ಇಲ್ಲದಿದ್ದರೆ, ಮಾಲಕರ ಸ್ವಂತ ಅಗತ್ಯದ ಬೇಡಿಕೆಯೂ ನ್ಯಾಯಾಲಯದಲ್ಲಿ ನಿಲ್ಲದು.

ತಲಪಾಡಿ ದಾಟಿದರೆ ಕಾಯಿದೆ ಬೇರೆ. ಅಲ್ಲಿ 1999ರ ಕರ್ನಾಟಕ ಬಾಡಿಗೆ ಕಾಯಿದೆ. ಮಂಗಳೂರಿನ ಕರಾರಿನ ನಕಲನ್ನು ಉಪ್ಪಳದ ಮನೆಗೆ ಹೆಸರು ಬದಲಿಸಿ ಬಳಸಬೇಡಿ. ಕರಾರು ಮಲಯಾಳದಲ್ಲಿದ್ದು ಒಬ್ಬರಿಗೆ ಓದಲು ಬಾರದಿದ್ದರೆ, ಕನ್ನಡ ಪ್ರತಿಯನ್ನೂ ಮಾಡಿಸಿ ಎರಡಕ್ಕೂ ಇಬ್ಬರೂ ರುಜು ಹಾಕಿ. ಭಿನ್ನತೆ ಬಂದರೆ ಯಾವ ಪ್ರತಿ ಅಂತಿಮ ಎಂಬುದನ್ನೂ ಅದರಲ್ಲೇ ಬರೆಯಿರಿ. ಮುಂಗಡದ ಮೊತ್ತ, ಆ ದಿನದ ಕರೆಂಟ್ ಮೀಟರಿನ ರೀಡಿಂಗ್, ಕೊಟ್ಟ ಬೀಗದ ಕೈಗಳ ಲೆಕ್ಕ ಕೊನೆಯ ಪುಟದಲ್ಲಿರಲಿ.