ಮೇಜಿನ ಮೇಲಿನ ಹೊಸ ದೂರವಾಣಿ

ಬೆಂಗಳೂರಿನ ಹಳೆಯ ಪೇಟೆಗಳಲ್ಲೊಂದಾದ ನಗರ್ತಪೇಟೆಯ ಓಣಿಗಳು ಇಕ್ಕಟ್ಟಾದುವು. ವ್ಯಾಪಾರ ಮಾತ್ರ ವಿಸ್ತಾರವಾದುದು. ಕೆಳಗೆ ಮಳಿಗೆ, ನಡುವಣ ಅಂತಸ್ತಿನಲ್ಲಿ ಲೆಕ್ಕಪತ್ರದ ಕೋಣೆ, ಮೇಲೆ ಉಗ್ರಾಣ. ಇಂಥ ಒಂದು ಕಟ್ಟಡದಲ್ಲಿ ಹತ್ತು ಮೇಜುಗಳಿಗೆ ದೂರವಾಣಿ ಬೇಕೆಂದಿಟ್ಟುಕೊಳ್ಳೋಣ. ಹಿಂದೆ ಪ್ರತಿಯೊಂದಕ್ಕೂ ಪ್ರತ್ಯೇಕವಾಗಿ ಒಂದು ಜೊತೆ ತಂತಿಯನ್ನು ಎಳೆಯಬೇಕಾಗಿತ್ತು. ಈಗ ಕಂಪ್ಯೂಟರಿಗಾಗಿ ಬಂದಿರುವ ಕೇಬಲ್ಲೇ ದೂರವಾಣಿಗೂ ಸಾಕು. ಹೊಸ ಉಪಕರಣವು ನೋಟಕ್ಕೆ ಹಳೆಯದನ್ನೇ ಹೋಲುವುದಾದರೂ ಅದರ ಕಾರ್ಯವಿಧಾನ ತೀರ ಬೇರೆ. ಆ ಭೇದವನ್ನರಿಯದೆ ಜೋಡಿಸಿದರೆ ಮಾತು ತುಂಡುತುಂಡಾಗುವುದು. ವಿದ್ಯುತ್ತು ಹೋದ ಹೊತ್ತಿನಲ್ಲಿ ನೆರವಿಗಾಗಿ ಯಾರನ್ನಾದರೂ ಕರೆಯಹೋದರೆ ಯಂತ್ರವೇ ಮೂಕವಾಗಿರುವುದು.

1948ರಲ್ಲಿ ಸ್ಥಾಪಿತವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆಯಿಂದಾಗಿ ಬೆಂಗಳೂರಿನ ಒಂದು ಭಾಗಕ್ಕೆ ದೂರವಾಣಿನಗರವೆಂಬ ಹೆಸರೇ ಬಂದಿದೆ. ಅಲ್ಲಿ ತಯಾರಾದ ಹಳೆಯ ಬಗೆಯ ದೂರವಾಣಿಗಳಲ್ಲಿ, ಮಾತನಾಡುವವರಿಬ್ಬರ ನಡುವೆ ವಿನಿಮಯ ಕೇಂದ್ರವು ಒಂದು ವಿದ್ಯುನ್ಮಂಡಲವನ್ನು ಕೂಡಿಸಿಕೊಡುತ್ತಿತ್ತು. ಸಂಭಾಷಣೆ ಮುಗಿಯುವವರೆಗೆ ಆ ದಾರಿ ಅವರಿಗೇ ಮೀಸಲು. ಇಬ್ಬರೂ ಮೌನವಾಗಿದ್ದರೂ ಇನ್ನೊಬ್ಬರಿಗೆ ಅಲ್ಲಿ ಪ್ರವೇಶವಿರಲಿಲ್ಲ.

ಅಂತರ್ಜಾಲ ದೂರವಾಣಿಯಲ್ಲಿ ಇಂಥ ಮೀಸಲು ದಾರಿಯಿಲ್ಲ. ಧ್ವನಿಯನ್ನು ಅದು ಮೊದಲು ಅಂಕಿಗಳಾಗಿ ಮಾರ್ಪಡಿಸುವುದು. ದೂರವಾಣಿಯ ಮಾತಿಗೆ ಸೆಕೆಂಡಿಗೆ ಸುಮಾರು 3,400 ಕಂಪನಗಳವರೆಗಿನ ಧ್ವನಿ ಸಾಕು. ಇದರ ಇಮ್ಮಡಿಗಿಂತ ಹೆಚ್ಚು ಸಲ, ಅಂದರೆ ಸೆಕೆಂಡಿಗೆ 8,000 ಸಲ, ಧ್ವನಿಯನ್ನು ಅಳೆದು ಪ್ರತಿ ಅಳತೆಯನ್ನೂ 8 ಬಿಟ್‌ಗಳಲ್ಲಿ ಬರೆಯುವುದು ರೂಢಿಯಲ್ಲಿರುವ ಒಂದು ವಿಧಾನ. ಒಟ್ಟು ಸೆಕೆಂಡಿಗೆ 64,000 ಬಿಟ್‌ಗಳಾದುವು. 20 ಮಿಲಿಸೆಕೆಂಡಿನ ಮಾತನ್ನು ಒಂದು ಪೊಟ್ಟಣವಾಗಿ ಕಟ್ಟಿದರೆ ಅದರಲ್ಲಿ 160 ಬೈಟ್ ಮಾತು. ವಿಳಾಸ, ಸರದಿ ಮುಂತಾದ ಒಕ್ಕಣೆಗೆ ಇನ್ನೂ 40 ಬೈಟ್. ಸೆಕೆಂಡಿಗೆ ಇಂಥ 50 ಪೊಟ್ಟಣಗಳೆಂದರೆ 80,000 ಬಿಟ್‌ಗಳು. ಹತ್ತು ಜನರೂ ಏಕಕಾಲದಲ್ಲಿ ಮಾತನಾಡಿದರೆ ಒಂದೊಂದು ದಿಕ್ಕಿನಲ್ಲಿ 8 ಲಕ್ಷ ಬಿಟ್‌ಗಳು. ಇಂದಿನ ಗಾಜಿನೆಳೆಯ ಸಂಪರ್ಕಕ್ಕೆ ಇದೇನೂ ದೊಡ್ಡ ಹೊರೆಯಲ್ಲ.

ಹಾಗಾದರೆ ಮಾತು ತುಂಡಾಗುವುದೇಕೆ? ಪೊಟ್ಟಣಗಳು ಹೊತ್ತಿಗೆ ಸರಿಯಾಗಿ ತಲಪದಿರುವುದರಿಂದ. ಕಡತವೊಂದು ಎರಡು ಸೆಕೆಂಡು ತಡವಾದರೆ ನಷ್ಟವಿಲ್ಲ. ದಾರಿಯಲ್ಲಿ ಕಳೆದ ಭಾಗವನ್ನು ಮತ್ತೆ ತರಿಸಿಕೊಳ್ಳಬಹುದು. ತಡವಾಗಿ ಬಂದ ಮಾತಿನ ಚೂರಿನಿಂದ ಮಾತ್ರ ಪ್ರಯೋಜನವಿಲ್ಲ. ಬಾಯಿಂದ ಕಿವಿಗೆ ತಲಪಲು 150 ಮಿಲಿಸೆಕೆಂಡಿಗಿಂತ ಕಡಿಮೆ ಸಮಯ ಹಿಡಿದರೆ ಸಂಭಾಷಣೆ ಸಹಜವಾಗಿರುವುದು. ಆದುದರಿಂದ ಕೇಬಲ್ಲುಗಳು ಬಂದು ಕೂಡುವ ಸ್ವಿಚ್ಚಿನಲ್ಲಿ ದೂರವಾಣಿಗಳನ್ನೂ ಕಂಪ್ಯೂಟರುಗಳನ್ನೂ ಎರಡು ಬೇರೆ ಜಾಲಗಳೆಂಬಂತೆ ವಿಂಗಡಿಸಿ, ಮಾತಿನ ಪೊಟ್ಟಣಗಳಿಗೆ ಗುರುತು ಹಾಕಿ ಮೊದಲು ಬಿಡುವಂತೆ ನಿಯಮಿಸಬೇಕು. ಕರಗವು ಬರುವಾಗ ಪೇಟೆಯ ಓಣಿಯಲ್ಲಿ ಜನರು ಬದಿಗೆ ಸರಿದು ದಾರಿ ಬಿಡುವರಲ್ಲವೆ? ಇದೂ ಅಂಥದೇ ಏರ್ಪಾಡು. ಆದರೆ ಈ ಕಟ್ಟಳೆ ನಮ್ಮ ಹೊಸ್ತಿಲವರೆಗೆ ಮಾತ್ರ. ಹೊರಗಣ ಅಂತರ್ಜಾಲವು ಈ ಗುರುತನ್ನು ಮನ್ನಿಸಲೇಬೇಕೆಂದಿಲ್ಲ.

ಇನ್ನು ಇದರ ಅನುಕೂಲಗಳು. ಕೇಬಲ್ಲಿಗೆ ಸೇರಿಸಿದೊಡನೆ ದೂರವಾಣಿಯು ಜಾಲದಿಂದ ಒಂದು ವಿಳಾಸವನ್ನು ಪಡೆದು, 'ಇಂಥ ಸಂಖ್ಯೆಯ ನಾನು ಇಂಥ ವಿಳಾಸದಲ್ಲಿದ್ದೇನೆ' ಎಂದು ಕರೆಗಳನ್ನು ನಿರ್ವಹಿಸುವ ಸರ್ವರಿಗೆ ವರದಿ ಮಾಡುವುದು. 1999ರಲ್ಲಿ ಪ್ರಕಟವಾಗಿ 2002ರಲ್ಲಿ ಪರಿಷ್ಕೃತವಾದ 'ಸಿಪ್' ಎಂಬ ನಿಯಮಾವಳಿ ಇದಕ್ಕೆ ಬಳಕೆಯಲ್ಲಿದೆ. ಸಂಖ್ಯೆಯು ತಂತಿಗೆ ಅಂಟಿಕೊಂಡಿಲ್ಲವಾದುದರಿಂದ ಉಪಕರಣವನ್ನು ಮಳಿಗೆಯಿಂದ ಉಗ್ರಾಣಕ್ಕೆ ಒಯ್ದರೂ ಸಂಖ್ಯೆ ಬದಲಾಗದು. ಕರೆಯನ್ನು ತಡೆದಿಡುವುದು, ಇನ್ನೊಬ್ಬರಿಗೆ ವರ್ಗಾಯಿಸುವುದು, ಹಲವರು ಕೂಡಿ ಮಾತನಾಡುವುದು, ಇವೆಲ್ಲವೂ ಇಲ್ಲಿ ಸುಲಭಸಾಧ್ಯ.

ಕೊನೆಯದಾಗಿ, ಎಲ್ಲಕ್ಕಿಂತ ಹೆಚ್ಚಾಗಿ ಗಮನಿಸಬೇಕಾದುದು ವಿದ್ಯುತ್ತಿನ ಪ್ರಶ್ನೆ. ಹಳೆಯ ದೂರವಾಣಿಗೆ ವಿನಿಮಯ ಕೇಂದ್ರದ 48 ವೋಲ್ಟಿನ ಬ್ಯಾಟರಿಗಳೇ ಶಕ್ತಿಯನ್ನೊದಗಿಸುತ್ತಿದ್ದುವು. ಊರು ಕತ್ತಲಾದರೂ ಅದು ಮಾತನಾಡುತ್ತಿತ್ತು. ಹೊಸದಕ್ಕೆ ನಮ್ಮ ಸ್ವಿಚ್ಚೇ ಕೇಬಲ್ಲಿನ ಮೂಲಕ ವಿದ್ಯುತ್ತನ್ನು ಕಳುಹಿಸಬಲ್ಲುದು. 2003ರ ಮಾನದಂಡದಂತೆ ಸ್ವಿಚ್ಚು ಕನಿಷ್ಠ 44 ವೋಲ್ಟಿನಲ್ಲಿ 0.35 ಆಂಪಿಯರ್, ಎಂದರೆ 15.4 ವಾಟ್ ಒದಗಿಸಬೇಕು. 100 ಮೀಟರಿನ ಕೇಬಲ್ಲಿನ ರೋಧ 20 ಓಮ್ ಇದ್ದರೆ 7 ವೋಲ್ಟ್ ಅಲ್ಲಿಯೇ ಇಳಿದು, 2.45 ವಾಟ್ ಶಾಖವಾಗಿ ಹೋಗಿ, ಉಪಕರಣಕ್ಕೆ 12.95 ವಾಟ್ ಉಳಿಯುವುದು. ಇದು ಓಮನ ನಿಯಮದ ಸರಳ ಲೆಕ್ಕ.

ಆದರೆ ಸ್ವಿಚ್ಚಿಗೇ ವಿದ್ಯುತ್ತು ನಿಂತರೆ ಹತ್ತು ದೂರವಾಣಿಗಳೂ ಒಮ್ಮೆಲೇ ಸ್ತಬ್ಧ. ಆದುದರಿಂದ ಸ್ವಿಚ್ಚು, ರೌಟರು, ಗಾಜಿನೆಳೆಯ ಪೆಟ್ಟಿಗೆ, ಸರ್ವರು ಕಟ್ಟಡದಲ್ಲೇ ಇದ್ದರೆ ಅದೂ, ಎಲ್ಲವೂ ಯುಪಿಎಸ್ಸಿನ ಆಸರೆಯಲ್ಲಿರಬೇಕು. ಸರಪಳಿಯಲ್ಲಿ ಒಂದು ಕೊಂಡಿ ಬಿಟ್ಟರೂ ಉಳಿದವು ವ್ಯರ್ಥ. ತಂತಿಯ ಜಾಡಿನಿಂದ ಸ್ಥಳವನ್ನು ಗುರುತಿಸಲು ಇಲ್ಲಿ ಬರುವುದಿಲ್ಲವಾದುದರಿಂದ, 112ಕ್ಕೆ ಕರೆ ಮಾಡುವವರು ಮೊದಲು ತಾವಿರುವ ಸ್ಥಳವನ್ನು ಹೇಳತಕ್ಕದ್ದು. ಜೋಡಣೆ ಮುಗಿದ ದಿನವೇ ಕಟ್ಟಡದ ಮುಖ್ಯ ವಿದ್ಯುತ್ತನ್ನು ಆರಿಸಿ ಹೊರಗಿನ ಸಂಖ್ಯೆಯೊಂದಕ್ಕೆ ಕರೆಮಾಡಿ ನೋಡಬೇಕು. ಆ ಕರೆ ತಲಪಿದರೆ ಮಾತ್ರ ಜೋಡಣೆ ಪೂರ್ಣವಾಯಿತೆಂದು ತಿಳಿಯಬಹುದು.